ಒದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ

ಓದುಗರ ಪತ್ರ: ಸಂಪಾದಕರೇ, ಸಿಯಾಟಲ್‌ನಲ್ಲಿರುವ ಮಗನ ಜೊತೆ ಕೂತು ಅಮೆರಿಕನ್ ಕಾಲೇಜು ಫುಟ್‌ಬಾಲಿನ ಹಳೆಯ ಪಂದ್ಯವೊಂದನ್ನು ನೋಡಿದೆ. 2023ರ ಅಕ್ಟೋಬರ್ 14, ವಾಷಿಂಗ್ಟನ್ ವಿರುದ್ಧ ಒರೆಗಾನ್. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಒರೆಗಾನ್ 33-29ರಿಂದ ಮುಂದಿತ್ತು. ಕೋಚ್ ಡ್ಯಾನ್ ಲ್ಯಾನಿಂಗ್ ಚೆಂಡನ್ನು ದೂರ ಒದೆಸದೆ ನಾಲ್ಕನೇ ಡೌನನ್ನೂ ಆಡಿಸಿ ಸೋತರು. ಇದು ದುರಹಂಕಾರ ಅಲ್ವಾ? – ಓದುಗರೊಬ್ಬರು, ಮೈಸೂರು

ಅಲ್ಲ ಸಾರ್. ಇಷ್ಟು ಗಮನವಿಟ್ಟು ನೋಡಿದ ನೀವೂ ಫಲಿತಾಂಶ ನೋಡಿಯೇ ತೀರ್ಪು ಕೊಟ್ಟಿರಲ್ಲ ಅಂತ ಬೇಜಾರಾಯಿತು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಹತ್ತು ಯಾರ್ಡ್ ಸಾಗಲು ನಾಲ್ಕು ಅವಕಾಶ, ಅಂದರೆ ನಾಲ್ಕು ಡೌನ್. ಸಾಗಿದರೆ ಚೆಂಡು ಉಳಿದು ಮತ್ತೆ ನಾಲ್ಕು ಸಿಗುತ್ತವೆ. ಸಾಮಾನ್ಯವಾಗಿ ಮೂರು ಮುಗಿದ ಮೇಲೆ ಚೆಂಡನ್ನು ದೂರ ಒದ್ದುಬಿಡುತ್ತಾರೆ. ಅದು ಪಂಟ್. ಆಡಿ ಸೋತರೆ ಚೆಂಡು ಅಲ್ಲಿಯೇ ಎದುರಾಳಿಯ ಕೈಗೆ ಹೋಗುತ್ತದೆ.

ಒರೆಗಾನ್‌ಗೆ ಬೇಕಿದ್ದದ್ದು ಮೂರೇ ಯಾರ್ಡ್. ಸಿಕ್ಕಿದ್ದರೆ ಪಂದ್ಯ ಹೆಚ್ಚುಕಡಿಮೆ ಮುಗಿದಂತೆಯೇ. ಪಾಸ್ ಕೈಗೆ ಸಿಗಲಿಲ್ಲ. ವಾಷಿಂಗ್ಟನ್ ಎರಡೇ ಯತ್ನದಲ್ಲಿ ಟಚ್‌ಡೌನ್ ಹೊಡೆದು, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ, 36-33ರಿಂದ ಗೆದ್ದಿತು. ಒದ್ದಿದ್ದರೆ ಅವರು ಇನ್ನೂ ಜಾಸ್ತಿ ದೂರ ಸಾಗಬೇಕಿತ್ತು, ಒಪ್ಪುತ್ತೇನೆ. ಆದರೆ ಅಂದು ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವ, ಮೈಕಲ್ ಪೆನಿಕ್ಸ್. ಅಂಥವರ ಕೈಗೆ ಚೆಂಡೇ ಸಿಗದ ಹಾಗೆ ಮಾಡೋಣ ಅನ್ನುವುದು ದುರಹಂಕಾರವಲ್ಲ, ಲೆಕ್ಕಾಚಾರ. ಸೋತ ಮೇಲೆ ಲ್ಯಾನಿಂಗ್ ಹೊಣೆಯನ್ನೂ ತಮ್ಮ ತಲೆಯ ಮೇಲೇ ಹೊತ್ತುಕೊಂಡರು.

2006ರ ರೋಸ್ ಬೌಲ್ ನೋಡಿ, ಆ ಸಲದ ಕಾಲೇಜು ಚಾಂಪಿಯನ್ ಯಾರೆಂದು ತೀರ್ಮಾನಿಸಿದ ಪಂದ್ಯ, ಯುಎಸ್‌ಸಿ ವಿರುದ್ಧ ಟೆಕ್ಸಸ್. ಯುಎಸ್‌ಸಿ 38-33ರಿಂದ ಮುಂದೆ, ನಾಲ್ಕನೇ ಡೌನ್, ಬೇಕಿದ್ದದ್ದು ಎರಡು ಯಾರ್ಡ್. ಅವರ ಕೋಚ್ ಪೀಟ್ ಕ್ಯಾರಲ್ ಆಡಿಸಿದರು. ಅಂದು ಮೂರು ಟಚ್‌ಡೌನ್ ಹೊಡೆದಿದ್ದ ಲೆಂಡೇಲ್ ವೈಟ್‌ನನ್ನು ಟೆಕ್ಸಸ್ ಹುಡುಗರು ತಡೆದುಬಿಟ್ಟರು. ಆಮೇಲೆ 19 ಸೆಕೆಂಡ್ ಉಳಿದಿದ್ದಾಗ ಟೆಕ್ಸಸ್‌ನ ವಿನ್ಸ್ ಯಂಗ್ ಓಡಿ ಪಂದ್ಯ ಕಸಿದುಕೊಂಡ. ಅದೂ ನಾಲ್ಕನೇ ಡೌನಿನಲ್ಲೇ! ಇಬ್ಬರೂ ಅದೇ ಡೌನಿನಲ್ಲಿ ಆಡಿದರು. ಬೈಗುಳ ಮಾತ್ರ ಸೋತವರಿಗೆ.

ಈಗ ಒದೆಯಲು ಹೋದವರ ಕತೆ. 2015ರ ಅಕ್ಟೋಬರ್ 17. ಮಿಚಿಗನ್ 23-21ರಿಂದ ಮುಂದೆ, ಉಳಿದದ್ದು ಹತ್ತು ಸೆಕೆಂಡ್. ಒದ್ದರೆ ಮುಗಿಯಿತು ಅಂದುಕೊಂಡರು. ಹಿಂದಕ್ಕೆ ಬಂದ ಚೆಂಡು ಪಂಟರ್ ಕೈಯಿಂದ ಜಾರಿತು. ಬಾಗಿ ಎತ್ತಿಕೊಂಡು ಒದೆಯಲು ಹೊರಟಾಗ ಎದುರಾಳಿ ಮಿಚಿಗನ್ ಸ್ಟೇಟ್‌ನವರು ಮೇಲೆ ಬಿದ್ದರು. ಚೆಂಡು ಅವರ ಕೈಸೇರಿತು, ಓಡಿ ಟಚ್‌ಡೌನ್ ಹೊಡೆದರು. ಗಡಿಯಾರ ಸೊನ್ನೆ ಮುಟ್ಟಿದ ಮೇಲೆ ಸಿಕ್ಕ ಅಂಕ ಅದು: 27-23. ಬೈಗುಳ ತಿಂದದ್ದು ಆ ಹುಡುಗ. ಒದೆಯಿರಿ ಅಂದ ನಿರ್ಧಾರವನ್ನು ಪ್ರಶ್ನಿಸಿದವರು ತೀರಾ ಕಡಿಮೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಒದ್ದು ಸೋತರೆ ಆಟಗಾರನ ತಪ್ಪು, ಆಡಿ ಸೋತರೆ ಕೋಚ್‌ನ ತಪ್ಪು. ಹೀಗಿದ್ದರೆ ಕೆಲಸ ಉಳಿಸಿಕೊಳ್ಳಬೇಕಾದ ಕೋಚ್ ಏನು ಮಾಡುತ್ತಾನೆ, ಹೇಳಿ? ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಡೇವಿಡ್ ರೋಮರ್ ವೃತ್ತಿಪರ ಲೀಗಿನ ಪಂದ್ಯಗಳ ಲೆಕ್ಕ ಹಾಕಿ, ತಂಡಗಳು ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಒದೆಯುತ್ತವೆ ಎಂದು 2006ರಲ್ಲೇ ಬರೆದರು.

ಇದು ಆಟಕ್ಕೆ ಮಾತ್ರ ಅಂಟಿದ ರೋಗವಲ್ಲ. ಕೋಲಾರದ ಕಡೆಯ ನನ್ನ ಚಿಕ್ಕಪ್ಪ ಒಂದು ವರ್ಷ ರಾಗಿ ಬಿಟ್ಟು ಟೊಮ್ಯಾಟೊ ನಾಟಿ ಮಾಡಿಸಿದರು. ಬೋರ್‌ವೆಲ್‌ನಲ್ಲಿ ನೀರಿತ್ತು, ಹಿಂದಿನ ಎರಡು ವರ್ಷ ರೇಟೂ ಚೆನ್ನಾಗಿತ್ತು. ಕೀಳುವ ಹೊತ್ತಿಗೆ ರೇಟು ಬಿದ್ದುಹೋಯಿತು. ಮಂಡಿಯಿಂದ ಖಾಲಿ ಕ್ರೇಟು ಇಳಿಸುತ್ತಿದ್ದವರಿಗೆ ಜಗಲಿ ಮೇಲೆ ಕೂತವರು, ‘ನಾವು ಆಗಲೇ ಅಂದ್ಕೊಂಡಿದ್ವಿ’ ಅಂದರು. ನಾಟಿ ಮಾಡುವಾಗ ಒಬ್ಬರೂ ತುಟಿಪಿಟಕ್ ಅಂದಿರಲಿಲ್ಲ. ಅದೇ ವರ್ಷ ರಾಗಿ ಒಣಗಿಹೋದವರನ್ನು ಯಾರೂ ಏನೂ ಕೇಳಲಿಲ್ಲ. ಮಳೆ ಕೈಕೊಟ್ಟಿತು ಅಂದರು, ಅಷ್ಟೇ.

ಮಗನ ಜೊತೆ ಮುಂದಿನ ಪಂದ್ಯ ನೋಡುವಾಗ ಒಂದು ಚೀಟಿ ಇಟ್ಟುಕೊಳ್ಳಿ. ಕೊನೆಯ ನಿಮಿಷಗಳಲ್ಲಿ ನಾಲ್ಕನೇ ಡೌನ್ ಬಂದಾಗ, ಚೆಂಡು ಕದಲುವ ಮೊದಲೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಯಾಕೆ ಅಂತ ಬರೆಯಿರಿ. ಆ ಚೀಟಿಯನ್ನು ತಿದ್ದದೆ ನನಗೆ ಕಳಿಸಿ.

– ಸಂ.