ಒಮಾನ್‌ಗೆ ಕೆಲ್ಸಕ್ಕೆ ಬಂದಿದೀನಿ, ಮಾಲ್ ಬೀಚ್ ಬಿಟ್ಟು ಹಳೇ ಕಾಲದ ಜಾಗ ಏನಾದ್ರೂ ನೋಡೋಕಿದ್ಯಾ?

ಸಿಕ್ಕಾಪಟ್ಟೆ ಇದೆ. ಆದ್ರೆ ಎಲ್ಲಾ ಕೋಟೆನೂ ನೋಡ್ಬಿಡ್ತೀನಿ ಅಂತ ಲಿಸ್ಟ್ ಹಿಡ್ಕೊಂಡು ಹೊರಟ್ರೆ ಬೇಗ ಬೋರಾಗುತ್ತೆ, ರಿಪೇರಿ ಮಾಡಿ ಗಿಲಾವ್ ಹಾಕಿದ್ಮೇಲೆ ಎಲ್ಲಾ ಒಂದೇ ಥರ ಕಾಣ್ಸುತ್ತೆ. ಮಸ್ಕತ್‌ಲ್ಲಿ ಸುಮಾರು ವರ್ಷದಿಂದ ಇದೀನಿ, ನನ್ನ ಕೇಳಿದ್ರೆ ಮೊದ್ಲು ನೀರು ನೋಡಿ, ಆಮೇಲೆ ಕೋಟೆ.

ಮಸ್ಕತ್ತಿಂದ ನಿಜ್ವಾ ಅನ್ನೋ ಹಳೇ ಊರಿನ ಕಡೆ ಹೋಗುವಾಗ ಬಿರ್ಕತ್ ಅಲ್ ಮೌಜ್ ಅಂತ ಊರು ಸಿಗುತ್ತೆ, ಅಲ್ಲಿ ಫಲಜ್ ಅಲ್ ಖತ್ಮೀನ್ ಇದೆ. ಫಲಜ್ ಅಂದ್ರೆ ಕಾಲುವೆ, ಆದ್ರೆ ನೀರು ಬರೋದು ಬೆಟ್ಟದ ಬುಡದಲ್ಲಿ ನೆಲದಡಿಯಿಂದ, ಸುರಂಗ ಕೊರೆದು ಪಂಪ್ ಗಿಂಪ್ ಏನೂ ಇಲ್ದೆ ಬರೀ ಇಳಿಜಾರಲ್ಲೇ ತೋಟದವರೆಗೂ ಹರಿಸ್ತಾರೆ. ಬೀದರಿನ ನೌಬಾದ್ ಹತ್ರ ಸುರಂಗ ಬಾವಿ ನೋಡಿದೋರಿಗೆ ತಕ್ಷಣ ಗೊತ್ತಾಗುತ್ತೆ, ಹೆಚ್ಚುಕಮ್ಮಿ ಅದೇ ಟೆಕ್ನಿಕ್. ಇಂಥವು ದೇಶದಲ್ಲಿ ಸುಮಾರು 3000 ಇನ್ನೂ ಬಳಕೆಲಿವೆ, ಅದ್ರಲ್ಲಿ ಐದನ್ನ 2006ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದಾರೆ, ಇದೂ ಅದ್ರಲ್ಲೊಂದು. ಯಾರ ತೋಟಕ್ಕೆ ಎಷ್ಟೊತ್ತು ನೀರು ಅನ್ನೋದನ್ನ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಾಕ್ತಿದ್ರಂತೆ!

ನೀರಿಂದ ಖರ್ಜೂರ, ಖರ್ಜೂರ ಇದ್ದಲ್ಲಿ ಕೋಟೆ. ನಿಜ್ವಾ ಕೋಟೆಯ ದುಂಡು ಗೋಪುರ ಕಟ್ಸಿದ್ದು ಆಗ ಒಮಾನ್ ಆಳ್ತಿದ್ದ ಇಮಾಮ್ ಸುಲ್ತಾನ್ ಬಿನ್ ಸೈಫ್, 1650ರಲ್ಲಿ ಮಸ್ಕತ್ತಿಂದ ಪೋರ್ಚುಗೀಸರನ್ನ ಓಡ್ಸಿದೋನು. ಒಳಗೆ ಅರ್ಧದಷ್ಟು ಮಣ್ಣು ಕಲ್ಲು ತುಂಬಿದಾರೆ, ತೋಪಿನ ಗುಂಡು ಬಿದ್ರೂ ಅಲ್ಲಾಡಬಾರ್ದು ಅಂತ. ಮೇಲೆ ಹತ್ತೋ ಮೆಟ್ಲು ಇಕ್ಕಟ್ಟು, ತಿರುವು ತಿರುವು, ಪ್ರತಿ ಬಾಗಿಲ ಮೇಲೂ ತಲೆ ಎತ್ತಿ ನೋಡಿ, ತೂತಿದೆ, ಶತ್ರು ನುಗ್ಗಿದ್ರೆ ಕುದಿಯೋ ಖರ್ಜೂರದ ಪಾಕ ಸುರಿಯೋಕೆ. ಮೈಗೆ ಅಂಟ್ಕೊಂಡ್ರೆ ಬಿಡಲ್ವಲ್ಲ, ನೀರಿಗಿಂತ ಘೋರ. ಆ ಪಾಕ ಎಲ್ಲಿಂದ ಬರುತ್ತೆ ಅಂದ್ರೆ ಉಗ್ರಾಣದ ರೂಮಿಗೆ ಹೋಗಿ, ನೆಲದಲ್ಲಿ ಉದ್ದುದ್ದ ಗೀರು ಕೊರೆದಿದಾರೆ, ಖರ್ಜೂರದ ಚೀಲ ಒಂದ್ರ ಮೇಲೊಂದು ಪೇರಿಸಿಟ್ರೆ ಭಾರಕ್ಕೇ ರಸ ಇಳಿದು ಗುಂಡಿಗೆ ಹೋಗುತ್ತೆ. ಬಹಳ ಜನ ಮೇಲಿಂದ ಸೆಲ್ಫಿ ತಗೊಂಡು ಈ ರೂಮಿಗೆ ಹೋಗ್ದೇನೇ ವಾಪಸ್ ಬರ್ತಾರೆ, ಹೊಟ್ಟೆ ಉರಿಯುತ್ತೆ.

ಟೈಮಿದ್ರೆ ಅಲ್ಲಿಂದ ಜಬ್ರೀನ್ ಕೋಟೆಗೆ ಹೋಗಿ. ಅದನ್ನ ಸುಲ್ತಾನ್ ಬಿನ್ ಸೈಫ್ ಮಗ ಬಿಲಾರಬ್ ಕಟ್ಸಿದ್ದು, ಬಿಲಾರಬ್ ಸಮಾಧಿನೂ ಒಳಗೇ ಇದೆ. ಬಣ್ಣ ಬಳಿದ ಮರದ ಚಾವಣಿ ನೋಡ್ತಾ ಕತ್ತು ನೋವು ಬರುತ್ತೆ, ನನಗಂತೂ ನಿಜ್ವಾಗಿಂತ ಇದೇ ಇಷ್ಟ. ಬಹ್ಲಾ ಕೋಟೆ ಪಕ್ಕದಲ್ಲೇ, ಮಣ್ಣಿಟ್ಟಿಗೆದು, 1987ರಿಂದ ಯುನೆಸ್ಕೊ ಪಟ್ಟಿಲಿದೆ.

ಮಸ್ಕತ್ ಊರೊಳಗಿನ ಜಲಾಲಿ, ಮಿರಾನಿ ಕೋಟೆ ಹೊರಗಿಂದ ನೋಡಿದ್ರೆ ಸಾಕು. ಆದ್ರೆ ಆ ಕೋಟೆಗಳ ಕೆಳಗಿನ ಬಂದರಲ್ಲಿ ನಿಂತಾಗ ಒಂದು ವಿಷ್ಯ ನೆನಪಿರಲಿ, ಟಿಪ್ಪು ಕಾಲದಲ್ಲಿ ಮೈಸೂರಿನೋರ ವ್ಯಾಪಾರದ ಕೋಠಿ ಇಲ್ಲಿತ್ತು, ಕರಾವಳಿ ಅಕ್ಕಿ ಅದಕ್ಕೂ ಮುಂಚಿನಿಂದ್ಲೇ ಬರ್ತಿತ್ತು. ನಾವೇನ್ ಹೊಸಬರಲ್ಲ ಬಿಡಿ.

ಬೇಸಿಗೆಲಿ ಬೇಡ, ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ. ಶುಕ್ರವಾರ ಬೆಳಿಗ್ಗೆ ಬೇಗ ತಲುಪಿದ್ರೆ ನಿಜ್ವಾದ ಆಡಿನ ಸಂತೆನೂ ಸಿಗುತ್ತೆ, ಆದ್ರೆ ಜುಮಾ ನಮಾಜ್ ಹೊತ್ತಿಗೆ ಕೋಟೆ ಮುಚ್ಚಿರ್ತಾರೆ, ಹೊರಡೋ ಮುಂಚೆ ಟೈಮಿಂಗ್ ಚೆಕ್ ಮಾಡ್ಕೊಳಿ.