ಸತ್ತ ಮಂಗ ಕಂಡರೆ ಮೊದಲು ನೆನಪಾಗುವುದು ನಮ್ಮ ಜ್ವರ

ಪರಿಸರದ ವಿಷಯದಲ್ಲಿ ಮನುಷ್ಯ ಕೇಂದ್ರಿತ ನೋಟ, ಪ್ರಕೃತಿ ಕೇಂದ್ರಿತ ನೋಟ ಅಂತ ಹೇಳುತ್ತಾರಲ್ಲ, ದಿನದ ಬದುಕಲ್ಲಿ ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ ಅಂತ ಕೇಳಿದ್ದೀರಿ. ನಾನು ತತ್ವಶಾಸ್ತ್ರ ಓದಿದವನಲ್ಲ. ಸಾಗರದ ಕಡೆ ಅಡಿಕೆ ತೋಟ ಇದೆ, ಅಲ್ಲಿಯದ್ದನ್ನೇ ಹೇಳುತ್ತೇನೆ.

ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು. ಸೊಪ್ಪು ಕಡಿಯಲು ಮರ ಹತ್ತಿದವರಿಗೆ ಅಪ್ಪ ಕೆಳಗೆ ನಿಂತು "ತುದಿ ಬಿಡೋ" ಅಂತ ಕೂಗುತ್ತಿದ್ದರು. ಮರದ ಮೇಲಿನ ಕನಿಕರ ಅಲ್ಲ, ಮುಂದಿನ ವರ್ಷದ ಸೊಪ್ಪಿನ ಲೆಕ್ಕ. ನಾರ್ವೆಯ ತತ್ವಜ್ಞಾನಿ ಆರ್ನೆ ನೆಸ್ 1973ರಲ್ಲಿ ಪರಿಸರ ಕಾಳಜಿಯನ್ನು ಆಳದ್ದು, ಮೇಲುಮೇಲಿನದ್ದು ಅಂತ ಎರಡು ಮಾಡಿದರು. ಮನುಷ್ಯರ ಅನುಕೂಲಕ್ಕೆ ಮಾತ್ರ ಮಾಡುವುದು ಮೇಲುಮೇಲಿನದ್ದು. ಅಪ್ಪನದ್ದು ಅದೇ ಇರಬೇಕು. ಬೆಟ್ಟ ಮಾತ್ರ ಇನ್ನೂ ಹಸಿರಾಗಿದೆ.

ಪಕ್ಕದಲ್ಲೇ ಚೌಡಿಬನ, ಚೌಡಿ ದೇವಿಗೆ ಬಿಟ್ಟ ಕಾಡು. ಅಲ್ಲಿ ಮರ ಬಿದ್ದರೂ ಯಾರೂ ಒಲೆಗೆ ತರುವುದಿಲ್ಲ, ಬಿದ್ದಲ್ಲೇ ಕೊಳೆತು ಲಡ್ಡಾಗುತ್ತದೆ. ಇದು ಪ್ರಕೃತಿ ಕೇಂದ್ರಿತ ಅಂದಿದ್ದರೆ ಅಜ್ಜಿ ನಗುತ್ತಿದ್ದಳು. ಅವಳಿಗೆ ಅದು ನಮ್ಮದೂ ಅಲ್ಲ, ಕಾಡಿನದೂ ಅಲ್ಲ, ಚೌಡಿಯದು.

ಇನ್ನು ಮನುಷ್ಯ ಅಂದರೆ ಯಾವ ಮನುಷ್ಯ? ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಕರೆಂಟ್ ಮನುಷ್ಯರಿಗೇ ಹೋಯಿತು, ಸರಿ. ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಎದ್ದವರೂ ಮನುಷ್ಯರೇ ಅಲ್ವಾ?

ನನಗೆ ವ್ಯತ್ಯಾಸ ತಿಳಿದದ್ದು ಒಂದು ಮಂಗದಿಂದ. ಬೇಸಿಗೆಯಲ್ಲಿ ದರಕು, ಅಂದರೆ ಒಣಗಿದ ಎಲೆ, ಗುಡಿಸಲು ಬೆಟ್ಟಕ್ಕೆ ಹೋದಾಗ ಹಲಸಿನ ಮರದ ಬುಡದಲ್ಲಿ ಸತ್ತು ಬಿದ್ದಿತ್ತು. ನಮ್ಮ ಕಡೆ ಮಂಗ ಸತ್ತರೆ ಎದೆ ಧಸಕ್ ಅನ್ನುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಬರುವ ಜ್ವರ ಅದು. ಮಂಗಗಳೂ ಅದರಿಂದಲೇ ಸಾಯುತ್ತವೆ. ಹಾಗಾಗಿ ಸತ್ತ ಮಂಗ ಅಂದರೆ ನಮಗೆ ಎಚ್ಚರಿಕೆ. ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದೆ. ಮನೆಗೆ ಬಂದು ಬಿಸಿನೀರು ಹೊಯ್ದುಕೊಂಡೆ. ಬೆಟ್ಟಕ್ಕೆ ಹೋಗಬೇಡಿ ಅಂತ ಅಕ್ಕಪಕ್ಕದವರಿಗೆ ಹೇಳಿದೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಯಾರಿಗಾದ್ರೂ ಜ್ವರ ಬಂತಾ?"

ಹಿಂದಿನ ವಾರ ಬಾಳೆಗೊನೆ ಹಾಳು ಮಾಡಿದವೆಂದು ಆ ಹಿಂಡಿಗೆ ಪಟಾಕಿ ಹೊಡೆದವನು ನಾನೇ. ಅದು ತಪ್ಪು ಅಂತ ಈಗಲೂ ಅನಿಸುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, "ಹೆಣ್ಣು ಮಂಗನಾ? ಮರಿ ಇತ್ತಾ?"

ನಾನು ನೋಡಿರಲಿಲ್ಲ.