ಬೆತ್ತಲೆ ಮತ್ತು ಭಯ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ರಾಣೆಬೆನ್ನೂರಿನ ಓದುಗ ಮಿತ್ರರಿಗೆ ವಂದನೆಗಳು.

ಹಾರರ್ ಸಿನಿಮಾಗಳ ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನವು ಬೆತ್ತಲೆ ದೃಶ್ಯಗಳ ಮಾತನ್ನೇ ಎತ್ತದೆ ಜಾರಿಕೊಂಡಿತೆಂದು ನೀವು ಆಕ್ಷೇಪಿಸಿದ್ದೀರಿ. ಧಾರವಾಡದ ಹಾಸ್ಟೆಲಿನಲ್ಲಿ ಗೆಳೆಯರೊಡನೆ ಮೊಬೈಲಿನಲ್ಲಿ ನೋಡಿದ ಇಂಗ್ಲಿಷ್ ಚಿತ್ರಗಳನ್ನು ಮುಂದಿಟ್ಟುಕೊಂಡು, ಆ ಚಿತ್ರಗಳು ನಡುಕ ಹುಟ್ಟಿಸುವುದಕ್ಕೆ ಅಲ್ಲಿನ ಎಗ್ಗಿಲ್ಲದ ನಗ್ನತೆಯೂ ಒಂದು ಕಾರಣವೆಂದೂ, ನಮ್ಮ ದೆವ್ವದ ಚಿತ್ರಗಳು ನಗೆಪಾಟಲಾಗುವುದಕ್ಕೆ ಸೆನ್ಸಾರ್ ಕತ್ತರಿಯೇ ಕಾರಣವೆಂದೂ ವಾದಿಸಿದ್ದೀರಿ. ಗೆಳೆಯರೆಲ್ಲ ಸೇರಿ ಮಾಡಲಿರುವ ಕಿರುಚಿತ್ರದಲ್ಲಿ ಅಂಥದೊಂದು ಸ್ನಾನದ ದೃಶ್ಯ ಇರಬೇಕೋ ಬೇಡವೋ ಎಂದು ಕೇಳಿ, ಅಡ್ಡಗೋಡೆಯ ಮೇಲೆ ದೀಪ ಇಡಬೇಡಿರೆಂದು ಎಚ್ಚರಿಕೆಯನ್ನೂ ಕೊಟ್ಟಿದ್ದೀರಿ. ಇಡುವುದಿಲ್ಲ. ನಿಮ್ಮ ಮೊದಲ ಮಾತಿನಲ್ಲಿ ಅರ್ಧ ನಿಜವಿದೆ. ಎರಡನೆಯದನ್ನು ನಾನು ಒಪ್ಪಲಾರೆ.

ನೀವೇ ಹೆಸರಿಸಿರುವ ‘ಸೈಕೋ’ ಚಿತ್ರದಿಂದ ಹೊರಡೋಣ. 1960ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ಈ ಚಿತ್ರ ಮಾಡಿದಾಗ ಅಮೆರಿಕದಲ್ಲಿಯೂ ಕತ್ತರಿ ಇತ್ತು. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಪ್ರೊಡಕ್ಷನ್ ಕೋಡ್ ಎಂಬ ಕಟ್ಟಳೆ 1968ರವರೆಗೂ ಅಲ್ಲಿ ಉಳಿದುಕೊಂಡಿತ್ತು. ಅಂದರೆ ಜಗತ್ತು ಇಂದಿಗೂ ಮರೆಯದ ಆ ಸ್ನಾನದ ಕೊಲೆಯು ನಿರ್ಬಂಧದ ನಡುವೆಯೇ ಹುಟ್ಟಿದ್ದು. ಮುಕ್ಕಾಲು ನಿಮಿಷದಷ್ಟು ಉದ್ದದ ಆ ಕೊಲೆಗಾಗಿ ಒಂದು ವಾರ ಚಿತ್ರೀಕರಣ ನಡೆಯಿತು. ಕ್ಯಾಮೆರಾವನ್ನು 70ಕ್ಕೂ ಹೆಚ್ಚು ಕಡೆ ಇಟ್ಟು ತೆಗೆದ ತುಣುಕುಗಳನ್ನು ಜೋಡಿಸಲಾಯಿತು. ನಾಯಕಿಯ ಮೈ ನಮಗೆ ಕಂಡಿತೆಂದು ಅನ್ನಿಸುತ್ತದೆ, ಆದರೆ ಕಾಣುವುದು ಭುಜ, ಹೊಟ್ಟೆ, ತೆರೆದ ಬಾಯಿ, ಕಾಲ ಬಳಿ ಹರಿಯುವ ನೀರು, ಪರದೆಯನ್ನು ಹಿಡಿದ ಬೆರಳುಗಳು, ಒಂದೊಂದಾಗಿ ಕಿತ್ತು ಬರುವ ಪರದೆಯ ಬಳೆಗಳು. ರಕ್ತವೂ ರಕ್ತವಲ್ಲ, ಚಾಕೊಲೇಟ್ ಪಾಕ. ಚಿತ್ರ ಕಪ್ಪುಬಿಳುಪಾದ್ದರಿಂದ ಅಷ್ಟು ಸಾಕಾಯಿತು. ಉಳಿದುದನ್ನು ಸಂಗೀತ ನೀಡಿದ ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು ಮಾಡಿ ಮುಗಿಸಿದವು.

ಹಾಗಿದ್ದರೆ ಅಲ್ಲಿ ಬೆತ್ತಲೆಗೆ ಕೆಲಸವೇ ಇಲ್ಲವೇ? ಇದೆ, ಮತ್ತು ನಿಮ್ಮ ಮಾತಿನ ಅರ್ಧ ನಿಜ ಇರುವುದು ಇಲ್ಲಿಯೇ. ಅದೇ ಹೆಂಗಸು ಸೀರೆಯನ್ನೋ ಕೋಟನ್ನೋ ತೊಟ್ಟು ಅಡುಗೆಮನೆಯಲ್ಲಿ ನಿಂತಿದ್ದರೆ ಭಯ ಅರ್ಧಕ್ಕೆ ಇಳಿಯುತ್ತಿತ್ತು. ಸ್ನಾನಕ್ಕೆ ನಿಂತವರಿಗೆ ನೀರಿನ ಸಪ್ಪಳದಲ್ಲಿ ಹೆಜ್ಜೆ ಕೇಳಿಸದು, ಕಣ್ಣು ಮುಚ್ಚಿರುತ್ತದೆ, ಕೈಯಲ್ಲಿ ಸಾಬೂನಿನ ಹೊರತು ಏನೂ ಇರುವುದಿಲ್ಲ. ನಮ್ಮ ಕಡೆಯವರಿಗಂತೂ ಇನ್ನೂ ಒಂದು ಕಟ್ಟು ಇದೆ: ಬಚ್ಚಲಿನಲ್ಲಿ ಏನೋ ಕಂಡು ಚೀರಿದರೂ ಅರಿವೆ ಸುತ್ತಿಕೊಳ್ಳದೆ ಪಡಸಾಲೆಗೆ ಓಡಿಬರುವಂತಿಲ್ಲ. ಜೀವಭಯ ಹೊರಕ್ಕೆ ನೂಕುತ್ತದೆ, ನಾಚಿಕೆ ಒಳಕ್ಕೆ ಎಳೆಯುತ್ತದೆ, ಮನುಷ್ಯ ಆ ನಡುವೆ ಸಿಕ್ಕಿಬೀಳುತ್ತಾನೆ. ಆಕೆ ನಗ್ನಳಾಗಿದ್ದಾಳೆಂಬುದು ನೋಡುಗನಿಗೆ ಗೊತ್ತಿದ್ದರೆ ಸಾಕು. ಆಕೆಯ ಮೈಯನ್ನು ಅವನಿಗೆ ಪೂರ್ತಿ ತೋರಿಸಿದ ಗಳಿಗೆಯಲ್ಲಿ ಅವನು ಆಕೆಯ ಜಾಗ ಬಿಟ್ಟು, ಕಿಟಕಿಯ ಸಂದಿಯಲ್ಲಿ ಇಣುಕುವವನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಇಣುಕುವವನಿಗೆ ಸಿಕ್ಕಿಬೀಳುವ ಅಂಜಿಕೆ ಇರಬಹುದೇ ಹೊರತು ಸಾಯುವ ಅಂಜಿಕೆ ಇರುವುದಿಲ್ಲ.

ಪೂರ್ತಿ ತೋರಿಸಿಯೂ ಗೆದ್ದ ಚಿತ್ರಗಳಿವೆ ಎಂದು ನೀವು ಕೇಳುವಿರಿ. ಖಂಡಿತ ಇವೆ. 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ಚಿತ್ರದಲ್ಲಿ ತರುಣನೊಬ್ಬ ಮೈ ಸುಡುತ್ತಿದೆಯೆಂದು ಬಟ್ಟೆ ಕಿತ್ತೆಸೆದು, ದೀಪ ಉರಿಯುವ ಕೋಣೆಯ ನಟ್ಟನಡುವೆ ತೋಳವಾಗುತ್ತಾನೆ. ಅಂಗೈ ಉದ್ದುದ್ದ ಹಿಗ್ಗುತ್ತದೆ, ಬೆನ್ನೆಲುಬು ಚರ್ಮದ ಕೆಳಗೆ ಏಳುತ್ತದೆ. ಅಲ್ಲಿ ಬಟ್ಟೆ ಇದ್ದಿದ್ದರೆ ಮುಚ್ಚಿಹೋಗುತ್ತಿದ್ದುದು ಕಥೆಯೇ. ಪ್ರಸಾಧನಕ್ಕಾಗಿ ಆಸ್ಕರ್ ಪ್ರಶಸ್ತಿಯ ವಿಭಾಗ ತೆರೆದಾಗ ಅದರ ಮೊದಲ ಪ್ರಶಸ್ತಿ ಪಡೆದದ್ದು ಈ ಕೆಲಸಕ್ಕಾಗಿ ರಿಕ್ ಬೇಕರ್. ಆ ನಗ್ನ ಗಂಡಸಿನ ಮೈಯನ್ನು ಕಂಡು ಆಸೆಪಟ್ಟವರು ಯಾರೂ ಇರಲಾರರು. ನೋಡುವವರು ತಮ್ಮ ಎಲುಬನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ.

1980ರ ‘ದ ಶೈನಿಂಗ್’ ಇನ್ನೂ ಜಾಣತನದ್ದು. ಹೋಟೆಲಿನ 237ನೆಯ ಕೋಣೆಯ ಸ್ನಾನದ ತೊಟ್ಟಿಯಿಂದ ಚೆಲುವೆಯೊಬ್ಬಳು ಬೆತ್ತಲೆಯಾಗಿ ಎದ್ದು ಬರುತ್ತಾಳೆ, ನಾಯಕ ಅಪ್ಪಿಕೊಳ್ಳುತ್ತಾನೆ, ಕನ್ನಡಿಯಲ್ಲಿ ನೋಡಿದರೆ ತೋಳಿನಲ್ಲಿರುವುದು ಮೈ ಕೊಳೆತ ಮುದುಕಿ. ಶೃಂಗಾರಕ್ಕೂ ಬೀಭತ್ಸಕ್ಕೂ ವಿರೋಧವೆಂದು ನಮ್ಮ ಅಲಂಕಾರಶಾಸ್ತ್ರದವರು, ಆನಂದವರ್ಧನನೂ ಸೇರಿ, ಹೇಳಿ ಹೋಗಿದ್ದಾರೆ. ಚಿತ್ರದ ನಿರ್ದೇಶಕ ಕುಬ್ರಿಕ್ ಆ ವಿರೋಧವನ್ನೇ ಬಲೆಯಾಗಿ ಹೂಡಿ, ನಾಯಕನ ಜೊತೆಗೆ ಆಸೆಪಟ್ಟ ಪ್ರೇಕ್ಷಕನನ್ನೂ ಅದರಲ್ಲಿ ಕೆಡವುತ್ತಾರೆ. ಈ ದೃಶ್ಯದಿಂದ ಬೆತ್ತಲೆಯನ್ನು ತೆಗೆದರೆ ದೃಶ್ಯವೇ ಉಳಿಯುವುದಿಲ್ಲ.

ಹೆದರಿಸುವವರೇ ಬೆತ್ತಲಾಗಿರುವ ಬಗೆ ಮತ್ತೊಂದು. 2018ರ ‘ಹೆರಿಡಿಟರಿ’ಯ ಕೊನೆಗೆ ಕತ್ತಲೆಯ ಮೂಲೆಯಲ್ಲಿ ಬೆತ್ತಲಾಗಿ ನಿಂತು ಸುಮ್ಮನೆ ನಗುವ ಜನರನ್ನು ನೆನಪಿಸಿಕೊಳ್ಳಿ. ಇದಕ್ಕೆ ಪರದೇಶಕ್ಕೇ ಹೋಗಬೇಕಾಗಿಲ್ಲ. ಅಮಾವಾಸ್ಯೆಯ ನಡುರಾತ್ರಿ ಮೂರು ದಾರಿ ಕೂಡುವಲ್ಲಿ ಮಾಟ ಮಾಡುವವರ ಕಥೆಯನ್ನು ನಮ್ಮ ಹಳ್ಳಿಗಳ ಅಜ್ಜಿಯರು ಹೇಳುವಾಗ, ನಿಂಬೆಹಣ್ಣು ಕುಂಕುಮಗಳ ವರ್ಣನೆಯೆಲ್ಲ ಮುಗಿದ ಮೇಲೆ ದನಿ ತಗ್ಗಿಸಿ, ‘ಮೈಮ್ಯಾಲೆ ಒಂದ ಅರಿವಿ ಇದ್ದಿದ್ದಿಲ್ಲಂತ’ ಎನ್ನುತ್ತಾರೆ. ಕೇಳುವ ಮಕ್ಕಳು ಕೌದಿಯನ್ನು ತಲೆಯವರೆಗೆ ಎಳೆದುಕೊಳ್ಳುವುದು ಆ ಮಾತಿಗೆ. ನಾಲ್ಕು ಜನರ ನಾಚಿಕೆಯನ್ನೇ ಬಿಟ್ಟು ನಿಂತವನು ಇನ್ನು ಯಾವುದನ್ನು ಬಿಡಲಾರ ಎಂಬ ದಿಗಿಲು ಅದು. ಆದರೆ ಗದಗ ಜಿಲ್ಲೆಯ ಲಕ್ಕುಂಡಿಯ ಬ್ರಹ್ಮ ಜಿನಾಲಯದಲ್ಲಿ ದಿಗಂಬರ ಮೂರ್ತಿಯ ಎದುರು ಶಾಲೆಯ ಮಕ್ಕಳು ಸಾಲಾಗಿ ನಿಂತು ಕೈಮುಗಿಯುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಯಾವ ಬೆತ್ತಲೆಗೆ ಏನು ಅರ್ಥ ಎಂಬುದನ್ನು ಅದು ನಿಂತ ಜಾಗ ಹೇಳುತ್ತದೆ.

ನೀವು ಮೆಚ್ಚಿರುವ ಹೆಚ್ಚಿನ ಚಿತ್ರಗಳು ಮಾತ್ರ ಈ ಯಾವ ಗುಂಪಿಗೂ ಸೇರದೆ 1978ರ ‘ಹ್ಯಾಲೋವೀನ್’ ಚಿತ್ರದ ಬಾಲ ಹಿಡಿದು ಬಂದವು. ಮೂರು ಲಕ್ಷ ಡಾಲರಿನ ಆಸುಪಾಸಿನಲ್ಲಿ ತಯಾರಾದ ಆ ಚಿತ್ರ ಕೋಟಿಗಟ್ಟಲೆ ಗಳಿಸಿದ್ದನ್ನು ಕಂಡು, ಮುಂದಿನ ಹತ್ತು ವರ್ಷ ಕಡಿಮೆ ಬಂಡವಾಳದವರೆಲ್ಲ ಚಾಕು, ಮುಖವಾಡ, ಬಟ್ಟೆ ಬಿಚ್ಚುವ ಹುಡುಗಿ ಎಂಬ ಲೆಕ್ಕಕ್ಕೆ ಬಿದ್ದರು. ತಾರೆಯರಿಗೆ ಕೊಡಲು ದುಡ್ಡಿಲ್ಲದವನಿಗೆ ಬೆತ್ತಲೆಯೇ ಪೋಸ್ಟರಾಯಿತು. ಇಂಥ ಚಿತ್ರಗಳಲ್ಲಿ ಕೊನೆಗೆ ಉಳಿಯುವವಳು ಬಹುಮಟ್ಟಿಗೆ ಇಂಥ ಗೋಜಿಗೆ ಹೋಗದ, ಎಚ್ಚರದ ಹುಡುಗಿ ಎಂಬುದನ್ನು ವಿದ್ವಾಂಸೆ ಕ್ಯಾರಲ್ ಕ್ಲೋವರ್ 1980ರ ದಶಕದಲ್ಲಿಯೇ ಗುರುತಿಸಿ ಆಕೆಗೆ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಇದರ ನೀತಿ ಅನೀತಿ ಒತ್ತಟ್ಟಿಗಿರಲಿ, ಕಸುಬಿನ ದೃಷ್ಟಿಯಿಂದ ನೋಡಿ: ಅಂಗಿಯ ಗುಂಡಿಗೆ ಕೈಹಾಕಿದವಳು ಹತ್ತು ನಿಮಿಷದಲ್ಲಿ ಸಾಯುತ್ತಾಳೆಂದು ಪ್ರೇಕ್ಷಕನಿಗೆ ಮೊದಲೇ ಗೊತ್ತಾದ ಮೇಲೆ ಹೆದರುವುದಕ್ಕೆ ಏನು ಉಳಿಯಿತು? ನಿಮ್ಮ ಹಾಸ್ಟೆಲಿನಲ್ಲಿ ಆ ಹೊತ್ತಿಗೆ ಸಿಳ್ಳೆ ಬಿದ್ದಿರಬೇಕು. ಸಿಳ್ಳೆ ಹಾಕುವವನು ಹೆದರಿರುವುದಿಲ್ಲ.

ಇನ್ನು ನಮ್ಮ ಸೆನ್ಸಾರಿನ ಮಾತು. 1972ರ ‘ದೋ ಗಜ್ ಜಮೀನ್ ಕೇ ನೀಚೆ’ ಚಿತ್ರದಿಂದ 1984ರ ‘ಪುರಾನಾ ಮಂದಿರ್’, 1988ರ ‘ವೀರಾನಾ’ದವರೆಗೆ ರಾಮ್ಸೆ ಸಹೋದರರ ಹಿಂದಿ ಚಿತ್ರಗಳನ್ನು ನೋಡಿದವರಿಗೆ ಗೊತ್ತು, ಕತ್ತರಿ ಇದ್ದರೂ ಸ್ನಾನದ ದೃಶ್ಯಗಳಿಗೆ ಅಲ್ಲಿ ಬರವಿರಲಿಲ್ಲ. ಒದ್ದೆ ಬಟ್ಟೆಯಲ್ಲಿಯೇ ಅದೇ ವ್ಯಾಪಾರ ನಡೆಯುತ್ತಿತ್ತು. ಬಟ್ಟೆ ಇನ್ನಷ್ಟು ಕಡಿಮೆಯಾಗಿದ್ದರೆ ಅವರ ದೆವ್ವಗಳ ರಬ್ಬರ್ ಮುಖ ನಂಬುವಂತಾಗುತ್ತಿತ್ತೇ? ಇತ್ತ ಕನ್ನಡದಲ್ಲಿ 1979ರ ‘ನಾ ನಿನ್ನ ಬಿಡಲಾರೆ’ ಮನೆಮಂದಿಯನ್ನೆಲ್ಲ ಕೂರಿಸಿ ಹೆದರಿಸಿತು. 2018ರ ಹಿಂದಿ ಚಿತ್ರ ‘ತುಂಬಾಡ್’ನಲ್ಲಿ ಲಂಗೋಟಿಯಷ್ಟೇ ಉಟ್ಟ ಗಂಡಸು ಹಗ್ಗ ಹಿಡಿದು ಬಾವಿಗಿಳಿಯುವಾಗ ಆ ಬರಿಮೈಯೇ ಎದೆ ಝಲ್ಲೆನ್ನಿಸುತ್ತದೆ. ನಮ್ಮ ಚಿತ್ರಗಳು ಸೋತದ್ದು ಕಾಯುವ ತಾಳ್ಮೆ ಇಲ್ಲದ್ದರಿಂದ, ಬಾಗಿಲು ಕಿರುಗುಟ್ಟುವ ಮೊದಲೇ ಢಾಂ ಎನ್ನಿಸುವ ಹಿನ್ನೆಲೆ ಸಂಗೀತದಿಂದ ಮತ್ತು ಮಧ್ಯಂತರಕ್ಕೆ ಮುಂಚೆ ತೂರಿಸುವ ಹಾಸ್ಯದಿಂದ.

ಕಾನೂನು ಕೂಡ ನೀವು ತಿಳಿದಷ್ಟು ಕುರುಡಲ್ಲ. ‘ಬ್ಯಾಂಡಿಟ್ ಕ್ವೀನ್’ ಚಿತ್ರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಹೆಣ್ಣನ್ನು ಬೆತ್ತಲೆ ಮಾಡಿ ಊರ ಮುಂದೆ ನಡೆಸುವ ದೃಶ್ಯವು ಕಾಮವನ್ನಲ್ಲ, ಆ ಕೃತ್ಯ ಎಸಗಿದವರ ಮೇಲೆ ಹೇಸಿಗೆಯನ್ನು ಹುಟ್ಟಿಸುತ್ತದೆಂದು ಒಪ್ಪಿ, ವಯಸ್ಕರ ‘ಎ’ ಪ್ರಮಾಣಪತ್ರವನ್ನು ಎತ್ತಿಹಿಡಿಯಿತು. ಓಟಿಟಿ ಚಿತ್ರಗಳಿಗಂತೂ 2021ರ ನಿಯಮಗಳಂತೆ ವೇದಿಕೆಗಳೇ ವಯಸ್ಸಿನ ಗುರುತು ಹಚ್ಚಿಕೊಳ್ಳುತ್ತವೆ. ಅಲ್ಲಿ ಕತ್ತರಿಯ ನೆಪ ಹೇಳುವಂತಿಲ್ಲ. ಆದರೂ ಹಾರರ್ ಸರಣಿಗಳಲ್ಲಿ ಎಷ್ಟು ಹೆದರಿಸಿವೆ ಎಂಬುದನ್ನು ನೀವೇ ಎಣಿಸಿ ನೋಡಿ.

ನಿಮ್ಮ ಕಿರುಚಿತ್ರದ ವಿಷಯ. ಸ್ನಾನದ ದೃಶ್ಯ ಇರಲಿ, ಬೆತ್ತಲೆ ಬೇಡ. ಯಾವುದಾದರೂ ಹಳೆಯ ಮನೆಯ ಬಚ್ಚಲು ಹುಡುಕಿ: ಹಂಡೆಯ ಕೆಳಗೆ ಉರಿ, ಮಸಿ ಹಿಡಿದ ಗೋಡೆ, ಮಂದ ಬಲ್ಬು. ತಲೆಗೆ ಸೀಗೆಕಾಯಿ ಹಚ್ಚಿ ಕಣ್ಣು ಮುಚ್ಚಿದವನ ಮುಖವನ್ನೂ ಕೈಯನ್ನೂ ಹತ್ತಿರದಿಂದ ತೋರಿಸಿ. ತಂಬಿಗೆಗಾಗಿ ಕೈ ಚಾಚುತ್ತಾನೆ, ಇಟ್ಟ ಜಾಗದಲ್ಲಿ ಅದಿಲ್ಲ. ತಡವುತ್ತಾನೆ. ಯಾರೋ ಅದನ್ನು ಅವನ ಕೈಗೆ ಕೊಡುತ್ತಾರೆ. ಇದಕ್ಕಿಂತ ಹೆಚ್ಚು ಬರಿಮೈ ನಿಮಗೆ ಬೇಕಾಗಲಾರದು. ನಾನು ‘ಅವನ’ ಎಂದು ಬರೆದದ್ದು ಬೇಕೆಂದೇ. ಇಂಥ ಪಾತ್ರಕ್ಕೆ ಹುಡುಗಿಯೇ ಆಗಬೇಕೆಂಬ ರೂಢಿ ಎಲ್ಲಿಂದ ಬಂತೆಂದು ಒಮ್ಮೆ ಯೋಚಿಸಿ.

ಅಷ್ಟಾಗಿಯೂ ಸಹಪಾಠಿಯೊಬ್ಬರ ಭುಜವೋ ಬೆನ್ನೋ ಕಾಣುವಂತೆ ತೆಗೆಯುವುದಾದರೆ, ಏನು ಕಾಣುತ್ತದೆ, ಎಲ್ಲಿಯವರೆಗೆ ಕಾಣುತ್ತದೆ ಎಂಬುದನ್ನು ಮೊದಲೇ ಬರೆದು ಅವರ ಸಹಿ ಪಡೆಯಿರಿ; 18 ವರ್ಷ ತುಂಬದವರಾದರೆ ಆ ಯೋಚನೆಯನ್ನೇ ಕೈಬಿಡಿ. ಬೇಡದ ತುಣುಕುಗಳನ್ನು ಅಂದೇ ಅಳಿಸಿಹಾಕಿ, ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗದಂತೆ ನೋಡಿಕೊಳ್ಳಿ. ಅಶ್ಲೀಲವೆಂದು ತೀರ್ಮಾನವಾಗುವ ದೃಶ್ಯವನ್ನು ಜಾಲದಲ್ಲಿ ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಮಿನಂತೆ ಮೊದಲ ಅಪರಾಧಕ್ಕೇ 3 ವರ್ಷಗಳವರೆಗೆ ಸೆರೆ ಮತ್ತು 5 ಲಕ್ಷ ರೂಪಾಯಿಗಳವರೆಗೆ ದಂಡ ಬೀಳಬಹುದು. ಚಿತ್ರ ಸಿದ್ಧವಾದಾಗ ಹುಬ್ಬಳ್ಳಿಯ ನಮ್ಮ ಕಚೇರಿಗೆ ತಂದು ತೋರಿಸಿರಿ. ನಾವು ಹೆದರಿದೆವೋ ಇಲ್ಲವೋ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.

– ಸಂಪಾದಕ